ಒಂದು ಸಲ ಕುಟ್ಟಿದರೆ ಸರಿ

ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತಿದೆ — ನಿಂತಿಲ್ಲ, ತೆವಳುತ್ತಿದೆ, ಕಂಪ್ಯೂಟರಿನ ಪರದೆಯ ಮೇಲಿನ ಧೂಳಿಗೆ ಕಿಟಕಿಯ ಬಿಸಿಲು ಬಿದ್ದು ಯಾರದೋ ಹೆಬ್ಬೆರಳಿನ ಗುರುತು ಎದ್ದು ಕಾಣುತ್ತಿದೆ, ತನ್ನದೇ ಇರಬೇಕು, ಬೇರೆ ಯಾರು ಮುಟ್ಟುತ್ತಾರೆ ಇದನ್ನು, ಒರೆಸಬೇಕು, ಆಮೇಲೆ, ಈಗ ಏಳಬಾರದು, ಎದ್ದರೆ ಪಟ್ಟಿ ಅಲ್ಲೇ ಕೂತುಬಿಡುತ್ತದೆ ಎಂಬ ಹೆದರಿಕೆ ಅವಳಿಗೆ ಈ ವಿಡಿಯೋ ಜೋಡಿಸುವ ಕೆಲಸ ಹಿಡಿದ ದಿನದಿಂದಲೂ ಇದೆ, ಅದಕ್ಕೆ ಅಮ್ಮ ನಗುತ್ತಾಳೆ, ನಗಲಿ, ಹಾಲು ಕಾಯಲು ಇಟ್ಟು ಅಮ್ಮ ಒಲೆ ಬಿಟ್ಟು ಕದಲುತ್ತಾಳೇನು. ಇದು ಮೂರನೆಯ ಸಲ. ಬೆಳಿಗ್ಗೆ ಇದೇ ಪಾಠವನ್ನು ಫೈಲು ಮಾಡಿ, ಪೆನ್‌ಡ್ರೈವಿಗೆ ಹಾಕಿ, ಹಿಂದಿನ ಕೋಣೆಯಲ್ಲಿ ಕೂತ ಅಪ್ಪನಿಗೆ ಕೊಟ್ಟು ಬಂದಳು, ಗೋಡೆಯಾಚೆಯಿಂದ ಟಕ್ ಟಕ್, ಎರಡು. ಏನೋ ಬದಲಾಯಿಸಿ ಮತ್ತೆ ಕೊಟ್ಟಳು, ಮತ್ತೆ ಟಕ್ ಟಕ್, ಎರಡು. ಒಂದು ಸಲ ಕುಟ್ಟಿದರೆ ಸರಿ, ಎರಡು ಸಲ ಕುಟ್ಟಿದರೆ ಸರಿಯಿಲ್ಲ, ಅಪ್ಪನಿಗೂ ಅವಳಿಗೂ ಇರುವ ಒಪ್ಪಂದ ಅಷ್ಟೇ, ಬಾಯಿಲ್ಲದ ಮನುಷ್ಯನ ಜೊತೆ ಅದಕ್ಕಿಂತ ಉದ್ದದ ಒಪ್ಪಂದ ಎಲ್ಲಿ ಸಾಧ್ಯ, ಹಿಂದಿನ ಪಾಠಗಳಿಗೆಲ್ಲ ಒಂದೇ ಒಂದು ಟಕ್, ಗೋಡೆಗೆ ಮೊಳೆ ಹೊಡೆದಷ್ಟು ಖಚಿತ, ಇದೊಂದಕ್ಕೆ ಏನು ಬಂತು ರೋಗ. ಸಂಜೆ ಮಾತಿನ ಟೀಚರ್, ಧ್ವನಿ ಹೋದವರಿಗೆ ಮಾತು ಕಲಿಸುವವರು, ಬರುತ್ತಾರೆ, ಕೊನೆಯ ಪಾಠ ತಗೊಂಡು ಹೋಗೋಕೆ ನಾನೇ ಬರ್ತೀನಮ್ಮ, ನಾಳೆ ಎಲ್ಲರಿಗೂ ಹಂಚಬೇಕು, ಒಬ್ಬೊಬ್ಬರ ಮನೇಲಿ ಒಂದೊಂದು ಥರದ ಕಂಪ್ಯೂಟರು, ಯಾವುದರಲ್ಲಿ ಹಾಕಿದ್ರೂ ಓಡ್ಬೇಕು, ಗೊತ್ತಲ್ಲ. ಗೊತ್ತು ಟೀಚರ್, ಗೊತ್ತಿರುವುದು ಅದೊಂದೇ.

ಗೆಣ್ಣಿನಿಂದ ಕುಟ್ಟುವುದು ಅಪ್ಪನಿಗೆ ಇಂದು ನಿನ್ನೆಯ ಅಭ್ಯಾಸವಲ್ಲ. ಬಸ್ ನಿಲ್ದಾಣದ ನಟ್ಟನಡುವೆ ಗಾಜಿನ ಗೂಡು, ಅದರೊಳಗೆ ಒಂದು ಕುರ್ಚಿ, ಒಂದು ಮೈಕು, ಅಪ್ಪ. ಶಾಲೆ ಬಿಟ್ಟ ಮೇಲೆ ಅವಳು ಚೀಲ ನೇತುಹಾಕಿಕೊಂಡು ಬಂದು ಗಾಜಿಗೆ ಮೂಗು ಒತ್ತಿ ನಿಲ್ಲುವಳು, ಗಾಜಿನ ಮೇಲೆ ಅವಳ ಉಸಿರಿನ ಮಂಜು, ಆ ಮಂಜಿನಾಚೆ ಅಪ್ಪ ಮೈಕಿನ ಕಡೆ ಬಗ್ಗಿ, ತೋರುಬೆರಳು ಮಡಿಸಿ, ಎತ್ತಿ — ಬೆರಳು ಎತ್ತಿದ್ದು ಇನ್ನೂ ಇಳಿಯದ ಆ ಒಂದು ಗಳಿಗೆ, ಅವಳ ಉಸಿರೇ ನಿಂತುಹೋಗುತ್ತಿತ್ತು — ಟಕ್, ಮೈಕಿನ ತಲೆಯ ಮೇಲೊಂದು, ಮೈಕಿಗೆ ಜೀವ ಇದೆಯೋ ಇಲ್ಲವೋ ನೋಡಲಿಕ್ಕೆ, ಅಷ್ಟಕ್ಕೆ ಇಡೀ ನಿಲ್ದಾಣ ಕಿವಿ ನಿಮಿರಿಸಿ ನಿಲ್ಲುವುದು, ಆಮೇಲೆ ಆ ಧ್ವನಿ, ಪ್ರಯಾಣಿಕರ ಗಮನಕ್ಕೆ, ಕಂಬ ಕಂಬದ ಮೇಲಿನ ಡಬ್ಬಗಳಿಂದ ಅಪ್ಪನೇ ಎಲ್ಲ ಕಡೆ ನಿಂತು ಮಾತಾಡಿದ ಹಾಗೆ, ಬೆಲ್ಲದ ಪಾಕದ ಹದದ ಧ್ವನಿ. ಗೂಡಿನ ಕಿಂಡಿಗೆ ಬಾಯಿಟ್ಟು ಜನ ಕೇಳುವರು, ಕೊನೇ ಬಸ್ಸು ಇವತ್ತು ಇದೆಯಾ ಮಾಮ, ಅಪ್ಪ ಕತ್ತು ಎತ್ತದೆ ಒಂದೇ ಮಾತು, ಪಕ್ಕಾ. ಬಂದೇ ಬರುತ್ತಾ. ಪಕ್ಕಾ. ಹಾಗೆಂದು ಹೇಳಿದ ಬಸ್ಸು ಬಾರದಿದ್ದರೆ ತಾನೇ ತಪ್ಪು ಮಾಡಿದವನ ಹಾಗೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಿದ್ದ. ಕೂಲಿಯವರು, ಕಂಡಕ್ಟರುಗಳು, ಕಡಲೆ ಮಾರುವವಳು, ಎಲ್ಲರಿಗೂ ಅವನು ಪಕ್ಕಾ ಮಾಮ, ಅವಳು ಪಕ್ಕಾ ಮಾಮನ ಮಗಳು, ಆ ಹೆಸರಿಗೆ ಶಾಲೆಯಲ್ಲಿ ಎಷ್ಟು ನಾಚಿಕೆ ಪಟ್ಟಿದ್ದಳು, ಈಗ ಯಾರಾದರೂ ಹಾಗೆ ಕರೆದರೆ ಸಾಕು ಗಂಟಲು ಕಟ್ಟುತ್ತದೆ. ಗಂಟಲು. ಅಪ್ಪನ ಗಂಟಲಲ್ಲಿ ಗಂಟು ಎದ್ದಿತು, ಆಸ್ಪತ್ರೆಯವರು ಜೀವ ಉಳಿಸಿದರು, ಧ್ವನಿಪೆಟ್ಟಿಗೆಯನ್ನು ಉಳಿಸಲು ಆಗಲಿಲ್ಲ, ಈಗ ಕುತ್ತಿಗೆಯ ಬುಡದಲ್ಲಿ ಒಂದು ತೂತು, ಅದರ ಮೇಲೆ ಅಮ್ಮ ಹೊಲಿದ ತೆಳು ಬಟ್ಟೆ, ಉಸಿರು ಅಲ್ಲಿಂದ ಬಂದು ಅಲ್ಲಿಂದಲೇ ಹೊರಟುಹೋಗುತ್ತದೆ, ಬಾಯಿಯ ದಾರಿಯನ್ನೇ ಮರೆತುಬಿಟ್ಟಿದೆ. ಅಪ್ಪನ ಪರವಾಗಿ ಅಮ್ಮನೇ ಮಾತಾಡುತ್ತಾಳೆ, ಅವರು ಏನಂತಾರೆ ಅಂದ್ರೆ, ಎಂದು ಶುರು ಮಾಡಿದರೆ ಅಪ್ಪ ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಾನೆ, ನೋಡು ಹೌದಂತೆ, ಎನ್ನುತ್ತಾಳೆ ಅಮ್ಮ. ನಗು ಬರುತ್ತದೆ, ಅಳು ಬರುತ್ತದೆ, ಯಾವುದು ಮೊದಲು ಬರುತ್ತದೋ ಹೇಳಲಾಗದು.

ಪಟ್ಟಿ ಮುಕ್ಕಾಲಿಗೆ ಬಂತು. ಫ್ಯಾನು ತಿರುಗುತ್ತಿದೆ, ಕ್ಯಾಲೆಂಡರಿನ ಹಾಳೆ ಎದ್ದು ಎದ್ದು ಬೀಳುತ್ತಿದೆ — ಮಾತಿನ ಟೀಚರ್ ಮೊದಲ ಸಲ ಬಂದಾಗಲೂ ಇದೇ ಕುರ್ಚಿ, ಕೊಡೆ ಬಾಗಿಲಿಗೆ ಒರಗಿಸಿ, ನೀರು ಕುಡಿದು, ಹೇಳಿದ್ದರು, ಧ್ವನಿಪೆಟ್ಟಿಗೆ ಹೋದ್ರೆ ಮಾತು ಹೋಯ್ತು ಅಂತ ಯಾರಮ್ಮ ಹೇಳಿದ್ದು, ಬಾಯಲ್ಲಿ ಗಾಳಿ ಹಿಡೀಬೇಕು, ಅನ್ನ ಇಳಿಯೋ ದಾರೀಲಿ ಅದನ್ನ ಕೆಳಗೆ ತಳ್ಳಬೇಕು, ತೇಗಿನ ಹಾಗೆ ಮೇಲೆ ತರಬೇಕು, ಆ ತೇಗಿಗೆ ತುಟಿ ನಾಲಿಗೆ ಸೇರಿಸಿದ್ರೆ ಮಾತು, ಕಲಿತವರು ಎಷ್ಟು ಜನ ಇದ್ದಾರೆ ನನ್ನ ಹತ್ರ. ನಿಮ್ಮ ತಂದೆಯವರನ್ನೂ ಕಳಿಸಿ. ಅಪ್ಪ ಸ್ಲೇಟು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದ, ಹತ್ತು ಜನರ ಮುಂದೆ ತೇಗೋಕೆ ನಾನು ಬರಲ್ಲ. ಟೀಚರ್ ನಕ್ಕರು, ಅವಳಿಗೆ ನಗು ಬರಲಿಲ್ಲ, ಊರಿಗೆಲ್ಲ ಬಸ್ಸು ಕರೆದು ಕೊಟ್ಟ ಧ್ವನಿಯವನು ಪರರ ಮುಂದೆ ಕೂತು ಪಾ, ಟಾ, ಕಾ ಎಂದು ತೇಗುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಬಾಗಿಲ ಹತ್ತಿರ ಟೀಚರ್ ತಗ್ಗಿದ ದನಿಯಲ್ಲಿ, ಜಾಸ್ತಿ ದಿನ ಬಿಡ್ಬೇಡಮ್ಮ, ಬಿಟ್ಟಷ್ಟೂ ಕಷ್ಟ, ಆಮೇಲೆ ಮನಸ್ಸೇ ಮೂಕ ಆಗ್ಬಿಡುತ್ತೆ. ತರಗತಿಗೆ ಬರಲಾಗದವರಿಗೆಂದು ಟೀಚರ್ ಪಾಠಗಳನ್ನು ವಿಡಿಯೋ ಮಾಡಿಸಲು ಹೊರಟದ್ದು, ಜೋಡಿಸುವ ಕೆಲಸ ಅವಳಿಗೇ ಬಂದದ್ದು, ಮೊದಲ ಪಾಠ ಅವಳ ಕಂಪ್ಯೂಟರಿನಲ್ಲಿ ಕನ್ನಡಿಯ ಹಾಗೆ ಓಡಿತು, ಹಂಚಿದ ಮಾರನೇ ದಿನ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿ ಬಂದು, ಏನಮ್ಮ ಇದು, ಡಬ್ಬದೊಳಗೆ ಕತ್ತಲೆ ಕೂತ್ಕೊಂಡು ಪಾ ಪಾ ಅಂತಿದೆ. ಸದ್ದು ಬರುತ್ತಿದೆ, ಚಿತ್ರ ಇಲ್ಲ, ತುಟಿ ನೋಡಿ ಕಲಿಯಬೇಕಾದ ಪಾಠದಲ್ಲಿ ತುಟಿಯೇ ಇಲ್ಲ! ಚಿತ್ರವನ್ನು ಸಣ್ಣದಾಗಿ ಮಡಚಿ ಫೈಲಿಗೆ ತುಂಬುವುದು, ಬಿಚ್ಚುವ ಕಂಪ್ಯೂಟರಿಗೂ ಆ ಮಡಿಕೆ ಗೊತ್ತಿರಬೇಕು, ಅವಳದ್ದಕ್ಕೆ ಎಲ್ಲ ಮಡಿಕೆಗಳೂ ಗೊತ್ತು, ಅಜ್ಜಿಯ ಮನೆಯದಕ್ಕೆ ಹಳೆಯ ಮಡಿಕೆ ಒಂದೇ ಗೊತ್ತು, ಎಲ್ಲ ಗೊತ್ತಿರುವ ಮಷಿನಿನಲ್ಲಿ ಪರೀಕ್ಷೆ ಮಾಡಿದರೆ ತಪ್ಪು ತಿಳಿಯುವುದಾದರೂ ಹೇಗೆ. ಆಗ ಬಂದದ್ದು ಅತ್ತೆ. ಮುಚ್ಚಿಹೋದ ಟೈಪಿಂಗ್ ಶಾಲೆಯಿಂದ ತಂದ ಹಳೇ ಕಂಪ್ಯೂಟರು, ಹೊಟ್ಟೆ ಮುಂದೆ ಬಂದ ಪರದೆ, ಹೊತ್ತಿಸಿದರೆ ಗೊಣಗುತ್ತದೆ, ಏನು ಕೊಟ್ಟರೂ ಮೊದಲು ಮೂಗು ಮುರಿಯುತ್ತದೆ, ಅದಕ್ಕೇ ಆ ಹೆಸರು, ಇಟ್ಟವಳು ಅಮ್ಮ, ತನ್ನ ಅತ್ತೆಯನ್ನು ನೆನೆದು. ಅತ್ತೆ ಆಡಿಸಿದರೆ ಇನ್ನಾವ ಮನೆಯಲ್ಲೂ ಚಿಂತೆಯಿಲ್ಲ. ಅತ್ತೆಯ ಮುಂದೆ ಕೂತು ಮೊದಲಿಂದ ಕೊನೆತನಕ ನೋಡಲು ಒಬ್ಬರು ಬೇಕಲ್ಲ, ಅಪ್ಪಾ, ನೀನು ಸುಮ್ಮನೆ ನೋಡು, ಚಿತ್ರ ನಿಂತರೆ, ಸದ್ದು ಕೆಟ್ಟರೆ ಹೇಳು ಸಾಕು, ಕಲಿಯೋದೇನೂ ಬೇಡ. ಕಲಿಯೋದೇನೂ ಬೇಡ ಎಂದಾಗ ಅವನು ಅವಳ ಮುಖವನ್ನೇ ನೋಡಿದ್ದ, ಮಗಳ ಕಳ್ಳಾಟ ಅಪ್ಪನಿಗೆ ತಿಳಿಯದೆ ಇರುತ್ತದೆಯೇ, ಆದರೂ ಹೋಗಿ ಕೂತ, ಬೆರಳು ಮಡಿಸಿದ, ಟಕ್. ಒಂದೊಂದು ಪಾಠಕ್ಕೂ ಟಕ್. ಬೇರೆ ಏನೂ ಇಲ್ಲ. ಅವಳು ಗೋಡೆಗೆ ಕಿವಿಯಿಟ್ಟು ಕಾದದ್ದೇ ಬಂತು, ಒಂದು ಪಾ ಇಲ್ಲ, ಒಂದು ಟಾ ಇಲ್ಲ, ಇನ್ನು ಉಳಿದಿರುವುದು ಈ ಕೊನೆಯ ಪಾಠ, ಇದು ಮುಗಿದರೆ ಅಪ್ಪನನ್ನು ಆ ಕುರ್ಚಿಯಲ್ಲಿ ಕೂರಿಸಲು ಅವಳ ಬಳಿ ನೆಪವೇ ಇಲ್ಲ.

ಪುಟ್ಟೀ, ಅಡಿಗೆಮನೆಯಿಂದ ಅಮ್ಮ, ಹಿಂದಿನ ಮೋರೀಲಿ ಕಪ್ಪೆ ಸೇರ್ಕೊಂಡಿದೆ ಕಣೇ, ಬೆಳಿಗ್ಗೆಯಿಂದ ವಟರು ವಟರು ಅಂತಿದೆ, ನೋಡೇ ಒಂಚೂರು. ಆಮೇಲೆ ನೋಡ್ತೀನಮ್ಮ. ಆಮೇಲೆ ಅಂದ್ರೆ ಮರಿ ಹಾಕಿದ ಮೇಲಾ, ನಿಮ್ಮಪ್ಪ ಊಟಾನೂ ಮಾಡಿಲ್ಲ, ಬಾಗಿಲು ಹಾಕ್ಕೊಂಡು ಕೂತಿದಾರೆ, ಅವರು ಏನಂತಾರೆ ಅಂದ್ರೆ — ಅಮ್ಮಾ, ಅವರು ಏನೂ ಅನ್ನಲ್ಲ, ಎರಡು ಸಲ ಕುಟ್ತಾರೆ ಅಷ್ಟೇ. ತುಸು ಒರಟಾಯಿತು, ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಜಾಸ್ತಿಯಾಯಿತು, ಅಮ್ಮನ ಸಿಟ್ಟು ಯಾವಾಗಲೂ ಪಾತ್ರೆಗಳ ಮೇಲೆ. ಅವಳಿಗೂ ತಲೆ ಕೆಟ್ಟಿದೆ, ಮೊದಲ ಎರಡು ಕುಟ್ಟಿಗೆ ಚಿತ್ರದ ಮಡಿಕೆ ಬದಲಾಯಿಸಿದಳು, ಆಮೇಲಿನ ಎರಡಕ್ಕೆ ಸದ್ದಿನದನ್ನು, ಜೊತೆಗೇ ಚಿತ್ರದ ಗಾತ್ರವನ್ನೂ ಇಳಿಸಿದ್ದಾಳೆ, ನಡುವೆ ಅನುಮಾನ ಬಂದು ಅದೇ ಪೆನ್‌ಡ್ರೈವ್ ಹಿಡಿದು ಕೆಳಗಿನ ಜೆರಾಕ್ಸ್ ಅಂಗಡಿಗೆ ಓಡಿದ್ದಳು, ಅಕ್ಕಾ, ಇದೊಂದು ನಿಮ್ಮದರಲ್ಲಿ ಹಾಕಿ ನೋಡ್ತೀರಾ, ಜೆರಾಕ್ಸಿನ ಅಕ್ಕ ಹಾಕಿದಳು, ಓಡಿತು, ಚೆನ್ನಾಗೇ ಬರ್ತಿದೆಯಲ್ಲೇ, ಯಾರೇ ಇವನು, ತಟ್ಟೆ ತಟ್ಟೆ ಅಂತಾನೆ, ಹೊಟ್ಟೆ ಹಸಿದಿದೆಯಾ ಪಾಪ. ಅವನು ಲಾರಿ ಡ್ರೈವರ್, ಟೀಚರ ಬಳಿ ಮಾತು ಕಲಿತವನು, ಪಾಠದಲ್ಲಿ ಒಂದೊಂದು ಪದ ಹೇಳಿಕೊಡುವವನು, ತಟ್ಟೆ, ಕತ್ತೆ, ಪಟಾಕಿ, ಕತ್ತೆ ಎಂದ ಕೂಡಲೇ ಸದ್ದಿಲ್ಲದೆ ನಗುತ್ತಾನೆ, ಎದೆ ಮಾತ್ರ ಕುಣಿಯುತ್ತದೆ. ಅಂಗಡಿಯಲ್ಲಿ ಓಡುವುದು ಅತ್ತೆಯಲ್ಲಿ ಯಾಕೆ ಓಡದು, ಅತ್ತೆಗೆ ಅಂತ್ಯಕಾಲ ಬಂತೇ, ಅಥವಾ — ಬೇಡ, ಯೋಚಿಸಬೇಡ, ಯೋಚಿಸಿದರೆ ಅದು ಬಂದೇ ಬರುತ್ತದೆ, ಬಂತು — ಅಥವಾ ಓಡುತ್ತಿದ್ದರೂ ಅಪ್ಪ ಎರಡು ಕುಟ್ಟುತ್ತಿದ್ದಾನೆಯೇ. ಸಾಕು ನಿಲ್ಲಿಸು ಈ ತೇಗಿನ ಪುರಾಣ ಎಂದು ಹೇಳುವ ಬಗೆಯೇ ಇದು. ಇಷ್ಟು ದಿನ ಕಳ್ಳಾಟ ಸಹಿಸಿದ, ಕೊನೆಯ ದಿನ ಸೇಡು ತೀರಿಸಿಕೊಂಡ. ಛೇ, ಅಪ್ಪ ಹಾಗಲ್ಲ. ಆದರೆ ಧ್ವನಿ ಹೋದ ಅಪ್ಪ ಹೇಗೆ ಎಂದು ತನಗೆ ಗೊತ್ತೇ, ಧ್ವನಿ ಇದ್ದ ಅಪ್ಪ ಗೊತ್ತು. ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಹೆದರಿಕೆ, ಟೀಚರು ಹೇಳಿದ ಮೂಕತನ ಇದೇ ಇರಬೇಕು, ಮನಸ್ಸಿನದು.

ಪಟ್ಟಿ ತುಂಬಿತು, ಟಿಂಗ್ ಎಂದಿತು, ಅವಳು ಪೆನ್‌ಡ್ರೈವ್ ಕಿತ್ತುಕೊಂಡು ಎದ್ದಳು, ಇವತ್ತು ಬಾಗಿಲಲ್ಲಿ ನಿಂತು ಕೇಳಿಯೇಬಿಡಬೇಕು, ಏನು ನಿನ್ನ ಹಟ ಅಪ್ಪಾ, ಮೂರು ಹೆಜ್ಜೆಗೆ ಎಷ್ಟು ಮಾತು ಜೋಡಿಸಿಕೊಂಡಳು, ಬಾಗಿಲ ಹತ್ತಿರ ಬಂದರೆ ವಟರ್ — ಕಪ್ಪೆ. ಮೋರಿಯಲ್ಲಲ್ಲ, ಕೋಣೆಯೊಳಗೆ. ಬಾಗಿಲ ಚಿಲಕ ಎಂದೋ ಸಡಿಲಾಗಿದೆ, ಬೆರಳಗಲ ಸಂದಿ, ಸಂದಿಯಲ್ಲಿ ಅಪ್ಪನ ಬೆನ್ನು, ಬೆನ್ನಿನಾಚೆ ಅತ್ತೆಯ ಹೊಟ್ಟೆಯಲ್ಲಿ, ಹಿಂದಿನ ಸಲ ಇಳಿಸಿಕೊಂಡ ಪಾಠದ ಲಾರಿ ಡ್ರೈವರ್, ಚಿತ್ರ ಓಡುತ್ತಿದೆ, ಸದ್ದು ಬರುತ್ತಿದೆ, ಎರಡೂ ಸರಿಯಾಗಿವೆ. ತಟ್ಟೆ, ಎಂದ ಡ್ರೈವರ್. ಅಪ್ಪ ಕೆನ್ನೆ ಬಿಗಿದ, ಗಾಳಿ ನುಂಗಿದ, ಭುಜ ಎತ್ತಿದ, ತ — ಎಂಬ ಒಂದು ವಟರ್ ಸದ್ದು ಬಂತು, ಬಂದದ್ದು ಪೂರ್ತಿ ಹೊರಗೆ ಬರುವ ಮೊದಲೇ ಪರದೆಯಲ್ಲಿ ಟೀಚರು ಶಹಬಾಸ್ ಎಂದು ಕೈತಟ್ಟಿಬಿಟ್ಟರು, ಡ್ರೈವರ್ ಕತ್ತೆಗೆ ಹೋಗಿಬಿಟ್ಟ. ಅಪ್ಪ ಮೌಸು ಹಿಡಿದು ಹಿಂದಕ್ಕೆ ಎಳೆದ. ತಟ್ಟೆ. ಕೆನ್ನೆ, ಗಾಳಿ, ಭುಜ, ತಟ್ — ಶಹಬಾಸ್. ಮತ್ತೆ ಹಿಂದಕ್ಕೆ. ಬಸ್ಸಿನ ಬಾಗಿಲಿಗೆ ಕೈ ಹಾಕಿದ ಕೂಡಲೇ ಬಸ್ಸು ಹೊರಟ ಹಾಗೆ, ಮತ್ತೆ, ಮತ್ತೆ. ಇದು ಫೈಲಿನ ರೋಗವಲ್ಲ, ಅವಳ ಕತ್ತರಿಯದು. ಹಿಂದಿನ ಪಾಠಗಳನ್ನು ಜೋಡಿಸುವಾಗ ಟೀಚರು ಪಕ್ಕದಲ್ಲೇ ಕೂತು, ಆ ಖಾಲಿ ಜಾಗ ಮುಟ್ಬೇಡ, ಅದು ಕಲಿಯೋರದು, ಅವರು ಗಾಳಿ ಹಿಡೀಬೇಕು, ಎಂದು ಅವಳ ಕೈ ಹಿಡಿಯುತ್ತಿದ್ದರು, ಇದೊಂದು ಪಾಠ ಅವಳೊಬ್ಬಳೇ ಜೋಡಿಸಿದ್ದು, ಮೊದಲು ಕೆಲಸಕ್ಕಿದ್ದ ಸ್ಟುಡಿಯೋದ ಯಜಮಾನರು ಕಲಿಸಿದ್ದು ಬೆರಳಲ್ಲೇ ಕೂತಿದೆಯಲ್ಲ, ಯಾರೂ ಏನೂ ಮಾಡದ ಜಾಗ ಕಂಡ್ರೆ ಕತ್ತರಿಸು, ಜನ ಎದ್ದು ಹೋಗ್ತಾರೆ, ಕೈ ತುರಿಸಿತು, ಪದದಿಂದ ಪದಕ್ಕೆ ಟೀಚರು ಸುಮ್ಮನೆ ನೋಡುತ್ತ ಕಾಯುವ ಮುಖವನ್ನೆಲ್ಲ ಕತ್ತರಿಸಿ ಎಸೆದಳು, ಎಷ್ಟು ಚುರುಕಾಯಿತು ಎಂದು ತನ್ನಷ್ಟಕ್ಕೆ ಬೀಗಿದಳು ಬೇರೆ. ಯಾವ ಕಂಪ್ಯೂಟರಿನಲ್ಲಾದರೂ ಓಡುವ ಫೈಲು, ಯಾವ ಬಾಯಿಯೂ ಹಿಂಬಾಲಿಸಲಾಗದ ಪಾಠ. ಅಪ್ಪ ಎರಡು ಕುಟ್ಟಿದ್ದು ಸರಿಯಾಗಿಯೇ ಇತ್ತು. ಸ್ಲೇಟಿನಲ್ಲಿ ಯಾಕೆ ಬರೆಯಲಿಲ್ಲ — ಬರೆದರೆ ಗುಟ್ಟು ರಟ್ಟಾಗುತ್ತಿತ್ತಲ್ಲ, ಖಾಲಿ ಜಾಗ ಸಾಲದು ಎನ್ನಬೇಕಾದರೆ ಅದರಲ್ಲಿ ತೇಗಿ ನೋಡಿದ್ದೇನೆ ಎಂದು ಒಪ್ಪಿಕೊಳ್ಳಬೇಕಲ್ಲ! ಎಷ್ಟು ದಿನದಿಂದ ಅಪ್ಪಾ, ಯಾವ ಪಾಠದಿಂದ, ನಾನು ಹೊರಗೆ ಹೋದಾಗಲೇ, ಅಮ್ಮ ಮಲಗಿದಾಗಲೇ. ಕಣ್ಣು ಮಂಜಾಯಿತು, ಗಾಜಿಗೆ ಮೂಗು ಒತ್ತಿದ ಹಾಗೆ. ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಹೆಜ್ಜೆ ಸದ್ದಾಗದಂತೆ ಹಿಂದೆ ಬಂದಳು.

ಕಪ್ಪೆ ಸಿಕ್ತೇನೇ, ಅಮ್ಮ. ಸಿಕ್ತಮ್ಮ, ಇರಲಿ ಬಿಡು, ಓಡಿಸ್ಬೇಡ. ಅಯ್ಯೋ ಇರಲಿ ಅಂತಾಳಲ್ಲ, ಸಾಕ್ತೀಯಾ ಅದನ್ನ. ಸಾಕ್ತೀನಿ. ಕತ್ತರಿಸಿ ಎಸೆದ ತುಂಡುಗಳು ಎಲ್ಲೂ ಹೋಗಿರಲಿಲ್ಲ, ಪುಣ್ಯ, ಕಂಪ್ಯೂಟರಿನಲ್ಲಿ ಎಸೆದದ್ದು ಎಸೆದಂತಲ್ಲ, ಒಂದೊಂದನ್ನೇ ಹೆಕ್ಕಿ ತಂದು ಅದರದರ ಜಾಗದಲ್ಲಿ ಇಟ್ಟಳು, ತಟ್ಟೆ, ಆಮೇಲೆ ಟೀಚರ ಮುಖ, ಕಣ್ಣು ಮಿಟುಕಿಸುವ ಮುಖ, ಮಾತಿಲ್ಲದ ಮುಖ, ಅವಳು ತನ್ನ ಬಾಯಲ್ಲೇ ಗಾಳಿ ಹಿಡಿದು ನುಂಗಿ ನೋಡಿದಳು, ಇಷ್ಟು ಹೊತ್ತು ಬೇಕೇ, ಬೇಕು, ಇನ್ನೂ ಸ್ವಲ್ಪ, ಬೇಕು. ಮೊದಲಿನ ಮಡಿಕೆಯಲ್ಲೇ, ಅತ್ತೆಗೆ ಗೊತ್ತಿರುವ ಹಳೇ ಮಡಿಕೆಯಲ್ಲೇ ಫೈಲಿಗೆ ಕೊಟ್ಟಳು, ಹಸಿರು ಪಟ್ಟಿ ತೆವಳಿತು, ಬಿಸಿಲು ಪರದೆಯಿಂದ ಗೋಡೆಗೆ ಸರಿಯಿತು, ಕೆಳಗೆ ಜೆರಾಕ್ಸಿನ ಅಕ್ಕ ಯಾರನ್ನೋ ಬೈದಳು, ನಕ್ಕಳು. ಬಾಗಿಲು ಬಡಿದು ಕೊಟ್ಟಳು. ಅಪ್ಪಾ, ಇದೊಂದು ನೋಡು, ಈಗ ಸ್ವಲ್ಪ ನಿಧಾನ ಮಾಡಿದೀನಿ. ಅಷ್ಟೇ ಅಂದದ್ದು. ಅಪ್ಪ ಪೆನ್‌ಡ್ರೈವ್ ನೋಡಿದ, ಅವಳನ್ನು ನೋಡಿದ, ನಿಧಾನ ಎಂಬ ಮಾತು ಕೇಳಿ ಅವನ ಕಿವಿಯ ತುದಿ ಕೆಂಪಾಯಿತೇ, ಆಯಿತು, ಮುಖ ತಿರುಗಿಸಿ ಕೂತ. ಅವಳು ತನ್ನ ಕುರ್ಚಿಗೆ ವಾಪಸು ಬಂದು ಗೋಡೆಗೆ ಕಿವಿ ಕೊಡಬೇಕೆಂದಿದ್ದಾಗ ಕಂಡಿತು — ಈ ಸಲ ಅಪ್ಪ ಬಾಗಿಲು ಹಾಕಿಕೊಂಡಿಲ್ಲ.

ಕುರ್ಚಿಯಿಂದಲೇ ಕಾಣುತ್ತದೆ, ಅಪ್ಪನ ಬೆನ್ನು, ಬಲಗೈ, ಮೇಜಿನ ಅಂಚು, ಅತ್ತೆಯ ನೀಲಿ ಬೆಳಕು. ತಟ್ಟೆ, ಡ್ರೈವರ್, ಆಮೇಲೆ ಸದ್ದಿಲ್ಲ, ಟೀಚರ ಮುಖ ಕಾಯುತ್ತಿದೆ, ಅಪ್ಪನ ಭುಜ ಏರಿತು, ಇಳಿಯಿತು, ಏನಾದರೂ ಬಂತೇ, ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ, ಫ್ಯಾನು ಆರಿಸಿದಳು, ಕ್ಯಾಲೆಂಡರ್ ಸುಮ್ಮನಾಯಿತು, ಕತ್ತೆ, ಸುಮ್ಮನೆ, ಪಟಾಕಿ, ಸುಮ್ಮನೆ, ಮೆಟ್ಟಿಲ ಮೇಲೆ ಯಾರದೋ ಕೊಡೆಯ ತುದಿ ತಾಗುತ್ತ ಬರುವ ಸದ್ದು, ಟೀಚರೇ ಇರಬೇಕು, ಬರಲಿ, ಸ್ವಲ್ಪ ನಿಧಾನ ಬರಲಿ, ಅತ್ತೆಯೊಳಗೂ ಅದೇ ಟೀಚರು, ಈಗ ನಿಮ್ಮದೇ ಒಂದು ಮಾತು, ದಿನಾ ಆಡ್ತಿದ್ರಲ್ಲ, ಅದು, ಅವಸರ ಇಲ್ಲ, ನಾನು ಕಾಯ್ತೀನಿ — ಕಾಯುವ ಮುಖ, ಅವಳೇ ಎಸೆದು ಅವಳೇ ಹೆಕ್ಕಿ ತಂದ ಮುಖ, ಕಾಯುತ್ತಲೇ ಪಾಠ ಮುಗಿಯಿತು, ಪರದೆ ಕಪ್ಪಾಯಿತು, ಸದ್ದಿಲ್ಲ. ಇನ್ನು ಕುಟ್ಟುತ್ತಾನೆ. ಅಪ್ಪನ ಕೈ ಮೇಜಿನಿಂದ ಎದ್ದಿತು, ತೋರುಬೆರಳು ಮಡಿಸಿದ, ಎತ್ತಿದ, ಒಂದೋ ಎರಡೋ, ಒಂದಾಗಲಿ, ಬೆರಳು ಗಾಳಿಯಲ್ಲಿ ನಿಂತಿತು, ಇಳಿಯಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ಬಂದು ನಿಂತಿದ್ದಾಳೆ, ಅವರು ಏನಂತಾರೆ ಎಂದು ಹೇಳುತ್ತಿಲ್ಲ, ಅಪ್ಪನ ಕೆನ್ನೆ ಬಿಗಿಯಿತು, ಕುತ್ತಿಗೆಯ ಬಟ್ಟೆ ನಡುಗಿತು, ಗಾಳಿ ಒಳಗೆ ಎಲ್ಲೋ ತಿರುಗಿ ದಾರಿ ಹುಡುಕಿ ಮೇಲೆ ಬಂತು, ಒರಟಾಗಿ, ಒಡಕಾಗಿ, ಬೆಲ್ಲದ ಪಾಕ ಅಲ್ಲವೇ ಅಲ್ಲ, ಪಕ್ — ನಿಂತಿತು, ಅವಳೂ ಗಾಳಿ ನುಂಗಿದಳು — ಕಾ. ಪಕ್ಕಾ. ಸೌಟು ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ, ಮೆಟ್ಟಿಲ ಮೇಲಿನ ಕೊಡೆಯ ಸದ್ದೂ ನಿಂತಿದೆ, ಅಪ್ಪ ತಿರುಗಿ ನೋಡುತ್ತಿಲ್ಲ, ಕೈ ಹಾಗೆಯೇ ಇದೆ, ಗಾಜಿನಾಚೆ ಇದ್ದ ಹಾಗೆಯೇ, ಮಡಿಸಿದ ಬೆರಳು, ಎತ್ತಿದ ಬೆರಳು, ಇನ್ನೂ ಇಳಿಯದ ಬೆರಳು